ಹತ್ತನೇ ನಂಬರಿನ ಹಸಿರು ಜೆರ್ಸಿ

ನಾಂಟ್ವೆನ್
4 ಅಕ್ಟೋಬರ್ 1987

ಅಪ್ಪನಿಗೆ,

ವರ್ಷಕ್ಕೊಂದು ಕ್ರಿಸ್‌ಮಸ್ ಕಾರ್ಡು ಬಿಟ್ಟರೆ ನಾನು ನಿನಗೆ ಏನೂ ಬರೆದವಳಲ್ಲ. ಇದನ್ನು ಕೋಪದಲ್ಲಿ ಬರೆಯುತ್ತಿದ್ದೇನೆ. ನಾಳೆಯವರೆಗೆ ಇಟ್ಟರೆ ಹರಿದು ಹಾಕಿಬಿಡುತ್ತೇನೆ, ಅದಕ್ಕೇ ಚಾಪೆಲ್ ಪ್ರಾರ್ಥನೆಗೆ ಹಾಕಿಕೊಂಡ ಕೋಟು ಕೂಡ ತೆಗೆಯದೆ ಕೂತಿದ್ದೇನೆ.

ನಿನ್ನೆ ಪೆನ್‌ಹೇಲ್‌ನವರ ಮೈದಾನದಲ್ಲಿ ರಗ್ಬಿ ಪಂದ್ಯವಿತ್ತು. ನನ್ನ ಮಗ ಗೆಥಿನ್‌ಗೆ ಈಗ ಹತ್ತೊಂಬತ್ತು. ಈ ವರ್ಷ ನಮ್ಮೂರಿನ ಹತ್ತನೇ ನಂಬರಿನ ಹಸಿರು ಜೆರ್ಸಿ ಅವನಿಗೆ ಸಿಕ್ಕಿದೆ. ನೀನು ಹಾಕಿಕೊಳ್ಳುತ್ತಿದ್ದುದೂ ಅದೇ ನಂಬರು ಎಂದು ಬೇರೆಯವರು ಅವನಿಗೆ ಹೇಳಿದ್ದಾರೆ, ನಾನು ಹೇಳಿಲ್ಲ. ಎರಡನೇ ಅರ್ಧದಲ್ಲಿ, ಸುತ್ತ ಯಾರೂ ಅಟ್ಟಿಸಿಕೊಂಡು ಬರದಿರುವಾಗ, ಅವನು ನಿಧಾನವಾಗಿ ತಿರುಗಿ ಚೆಂಡನ್ನು ಪೆನ್‌ಹೇಲ್‌ನ ಕೆಂಪು ಜೆರ್ಸಿಯವನ ಕೈಗೆ ಕೊಟ್ಟ. ಎಸೆಯಲಿಲ್ಲ ಅಪ್ಪಾ, ಮಗುವನ್ನು ಎತ್ತಿ ಕೊಡುವ ಹಾಗೆ ಕೊಟ್ಟ. ಆ ಹುಡುಗ ಒಂದು ಕ್ಷಣ ನಂಬಲಾರದೆ ನಿಂತು, ಆಮೇಲೆ ನಗುತ್ತಲೇ ಓಡಿಹೋಗಿ ಗೆರೆಯಾಚೆ ಚೆಂಡನ್ನು ನೆಲಕ್ಕೂರಿ ಅಂಕ ಗಳಿಸಿದ. ನಾವು ಸೋತೆವು.

ನನ್ನ ಹಿಂದೆ ನಿಂತಿದ್ದ ಬೇಕರಿ ಡಾಯ್ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಅಜ್ಜನ ಮೊಮ್ಮಗ ಅಲ್ವೇನ್ರೋ! ಇನ್ನೇನಾಗ್ಬೇಕಿತ್ತು?"

ನಮ್ಮೂರಲ್ಲಿ ಯಾರನ್ನೂ ಬರಿಯ ಹೆಸರಿನಿಂದ ಕರೆಯುವುದಿಲ್ಲ, ನಿನಗೆ ಗೊತ್ತಲ್ಲ. ಮೂವತ್ತನಾಲ್ಕು ವರ್ಷವಾದರೂ ನೀನು ಇಲ್ಲಿ 'ಕೆಂಪು ಇಡ್ವಲ್'. ಬಸ್ಸು ಊರು ತಲುಪುವಷ್ಟರಲ್ಲಿ ನನ್ನ ಮಗ 'ಕೆಂಪು ಮರಿ' ಆಗಿದ್ದ. ಅವನು ಊಟ ಮಾಡಿಲ್ಲ. "ನಂಗೇ ಗೊತ್ತಿಲ್ಲಮ್ಮ, ನಮ್ಮವ್ನೇ ಅನ್ಕೊಂಡೆ" ಎಂದಷ್ಟೇ ಹೇಳುತ್ತಾನೆ.

ನೀನು ಮನೆ ಬಿಟ್ಟಾಗ ನನಗೆ ಒಂಬತ್ತು ವರ್ಷ. ಅಮ್ಮ ಸಾಯುವತನಕ ಬಾಯಿ ಬಿಡಲಿಲ್ಲ. ಈಗ ನೀನೇ ಹೇಳು. 1953ರಲ್ಲಿ ಪೆನ್‌ಹೇಲ್‌ನವನ ಕೈಗೆ ನೀನು ಚೆಂಡು ಕೊಟ್ಟೆಯಲ್ಲ, ಅದಕ್ಕೆ ಏನು ತಗೊಂಡೆ? ಆ ವಾರವೇ ನಮ್ಮ ಮನೆಗೆ ರೇಡಿಯೊ ಹೇಗೆ ಬಂತು? ನನ್ನ ಮಗ ಏನೂ ತಗೊಂಡಿಲ್ಲ. ಆದರೂ ನಿನ್ನ ಪಾಲಿನದು ಅವನು ಉಣ್ಣುತ್ತಿದ್ದಾನೆ.

ಎಲಿನೆಡ್


ಬಾರ್ಮತ್
9 ಅಕ್ಟೋಬರ್ 1987

ಎಲಿನೆಡ್,

ರೇಡಿಯೊ ನಿನ್ನ ಚಿಕ್ಕಮ್ಮನದು. ಅವಳು ಹೊಸದು ತಂದಳು, ಹಳೆಯದನ್ನು ನಮಗೆ ದಾಟಿಸಿದಳು. ಊರಿಗೆ ಇದನ್ನು ಹೇಳಿದೆ, ಊರು ನಕ್ಕಿತು.

ಏನೂ ತಗೊಳ್ಳಲಿಲ್ಲ ಮಗಳೇ. ಗೆಥಿನ್ ಹೇಳಿದ್ದನ್ನೇ ನಾನೂ ಅವತ್ತು ಹೇಳಿದ್ದೆ. ನಮ್ಮವನೇ ಅಂದುಕೊಂಡೆ.

ಕಾರಣ ಏನೆಂದು ನನಗೇ ಗೊತ್ತಾದದ್ದು ಎಂಟು ವರ್ಷ ಕಳೆದ ಮೇಲೆ. ಇಲ್ಲಿ ಸಮುದ್ರ ದಂಡೆಯ ಬಸ್ಸು ಓಡಿಸುವ ಕೆಲಸಕ್ಕೆ ಹೋಗಿದ್ದೆ. ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು "ಯಾವ ಅಂಕಿ ಕಾಣ್ತಿದೆ?" ಎಂದರು. "ಅಂಕಿ ಎಲ್ಲಿದೆ ಸ್ವಾಮಿ, ಯಾರೋ ಗಂಜಿ ಚೆಲ್ಲಿದ ಹಾಗಿದೆ" ಎಂದೆ. ಅವರು ಪುಸ್ತಕ ಮುಚ್ಚಿದರು. ಕೆಂಪು ಮತ್ತು ಹಸಿರು ನನಗೆ ಒಂದೇ. ಹುಟ್ಟಿನಿಂದ ಹಾಗೆಯೇ. ನಮ್ಮ ನಾಡಿನ ಬಾವುಟದ ಕೆಂಪು ಡ್ರ್ಯಾಗನ್ ಹಸಿರು ಹುಲ್ಲಿನ ಮೇಲೆ ನಿಂತಿದೆ ಎಂದು ಎಲ್ಲರೂ ಹೇಳುವುದರಿಂದ ನಂಬಿದ್ದೇನೆ, ಅದರ ಕಾಲು ಎಲ್ಲಿ ಮುಗಿದು ಹುಲ್ಲು ಎಲ್ಲಿ ಶುರುವಾಗುತ್ತದೆ ಎಂದು ನಾನು ಕಂಡಿಲ್ಲ.

ಹಾಗಾದರೆ ಅಷ್ಟು ವರ್ಷ ಹೇಗೆ ಆಡಿದೆ ಎಂದು ಕೇಳುತ್ತೀಯ. ಬೇರೆ ಊರಿನವರದು ನೀಲಿ, ಬಿಳಿ, ಕಪ್ಪು ಹಳದಿ ಪಟ್ಟಿ. ಕೆಂಪು ಪೆನ್‌ಹೇಲ್‌ನವರದು ಮಾತ್ರ. ಅವರೊಂದಿಗೆ ಆಡುವಾಗ ನಾಯಕ ಮೈರಿಯನ್ ನನ್ನ ಎಡಕ್ಕೆ ಓಡುತ್ತ "ಇಡ್!" ಎಂದು ಕೂಗುತ್ತಿದ್ದ. ಕೂಗು ಬಂದ ಕಡೆ ಕಣ್ಣು ಮುಚ್ಚಿ ಚೆಂಡು ಕೊಡುತ್ತಿದ್ದೆ. ಆ ದಿನ ಅವನು ಮಂಡಿ ಉಳುಕಿ ಹಿಂದೆ ಬಿದ್ದಿದ್ದ, ಕೂಗಲಿಲ್ಲ. ಎಡಕ್ಕೆ ಯಾರೋ ಓಡಿ ಬರುತ್ತಿದ್ದರು. ಅವನೇ ಎಂದು ಕೊಟ್ಟೆ.

ಗೊತ್ತಾದ ದಿನವೇ ಮೈರಿಯನ್‌ಗೆ ಕಾಗದ ಬರೆದೆ, ಕ್ಲಬ್ಬಿನಲ್ಲಿ ಎಲ್ಲರ ಮುಂದೆ ಓದು ಎಂದು. ಮೂರು ತಿಂಗಳು ಅಂಚೆಯವನ ದಾರಿ ಕಾದೆ. ಉತ್ತರ ಬರಲಿಲ್ಲ. ನಿಜ ಗೊತ್ತಿದ್ದೂ ನನ್ನನ್ನು ಬೇಡವೆಂದರು ಎಂದುಕೊಂಡು ಸುಮ್ಮನಾದೆ.

ಇನ್ನೊಂದು ಹೇಳಬೇಕು. ಇದು ಅಜ್ಜನಿಂದ ಮಗಳಿಗೆ, ಮಗಳಿಂದ ಅವಳ ಮಗನಿಗೆ ಇಳಿಯುತ್ತದಂತೆ. ಮಗಳ ಕಣ್ಣಿಗೆ ಏನೂ ಆಗುವುದಿಲ್ಲ. ಗೆಥಿನ್‌ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಅವನು ಹುಟ್ಟಿದಾಗಲೇ ನಾನು ಬರೆಯಬೇಕಿತ್ತು. ಕಾರ್ಡಿನಲ್ಲಿ ಜಾಗವಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಅಪ್ಪ


ನಾಂಟ್ವೆನ್
8 ನವೆಂಬರ್ 1987

ಅಪ್ಪಾ,

ಹೋಗಿ ಬಂದೆವು. ಚುಕ್ಕಿ ಪುಸ್ತಕದ ಇಪ್ಪತ್ತನಾಲ್ಕು ಹಾಳೆಗಳಲ್ಲಿ ಅವನು ಓದಿದ್ದು ಒಂದೇ ಒಂದು. "ಇದನ್ನ ಎಲ್ರೂ ಓದ್ತಾರೆ, ಸಮಾಧಾನಕ್ಕೆ ಇಟ್ಟಿರೋದು" ಎಂದರು ಡಾಕ್ಟರು. ಔಷಧಿ ಇಲ್ಲ, ಕನ್ನಡಕ ಇಲ್ಲ. ಕೇಳಿದ್ದಕ್ಕೆ "ಏನೂ ಮಾಡಕ್ಕಾಗಲ್ಲ, ಹುಷಾರಾಗಿರ್ಬೇಕು ಅಷ್ಟೆ" ಎಂದರು.

ನನಗೆ ಹೊಳೆಯಬೇಕಿತ್ತು. ಶಾಲೆಯಲ್ಲಿ ಡ್ರ್ಯಾಗನ್‌ಗೆ ಕಂದು ಬಣ್ಣ ಬಳಿದು ಏಟು ತಿಂದು ಬಂದಿದ್ದ. ಮಾಂಸದಂಗಡಿಯ ಕೆಲಸಕ್ಕೆ ಸೇರಿದ ಮೇಲೆ ಪ್ರತಿ ತುಂಡನ್ನೂ ಮೂಗಿಗೆ ಹಿಡಿದೇ ಕತ್ತರಿಸುತ್ತಾನೆ. ಶಿಸ್ತಿನ ಹುಡುಗ ಎಂದು ಹೆಮ್ಮೆಪಟ್ಟಿದ್ದೆ ನಾನು! ಆ ರಾತ್ರಿಯಿಂದ ನಿನ್ನ ಮೇಲಿನ ಕೋಪವೆಲ್ಲ ನನ್ನ ಮೇಲೆ ತಿರುಗಿದೆ. ದಾಟಿಸಿದವಳು ನಾನು, ನೋಡಬಲ್ಲವಳೂ ನಾನು, ನೋಡದೇ ಹೋದೆ.

ಕ್ಲಬ್ಬಿನ ಸಮಿತಿಗೆ ಹೋಗಿ ಹೇಳಿದೆ. ಮೈರಿಯನ್ನೇ ಈಗ ಅಧ್ಯಕ್ಷ. ತಲೆ ತಗ್ಗಿಸಿ ನೆಲ ನೋಡುತ್ತ ಕೂತಿದ್ದ. ಪೆನ್‌ಹೇಲ್ ಪಂದ್ಯಕ್ಕೆ ಮಾತ್ರ ಬಿಳಿ ಜೆರ್ಸಿ ಹಾಕೋಣ ಎಂದು ಬೇಡಿಕೊಂಡೆ. ಬೇಕರಿ ಡಾಯ್ ಎದ್ದು ನಿಂತ. "ಎಲಿನೆಡ್, ಆ ಹಸಿರು ಎಲ್ಲಿಂದ ಬಂತು ಗೊತ್ತಲ್ವಾ? ಗಣಿಯಲ್ಲಿ ಸತ್ತ ಮೂವತ್ತೊಂದು ಜನರ ಹೆಂಡತಿಯರು ಚಾಪೆಲ್ ಪರದೆ ಇಳಿಸಿ ಹೊಲಿದ ಜೆರ್ಸಿ ಅದು. ನಮ್ಮಜ್ಜಿ ಹೊಲಿದವಳು. ನಿಮ್ಮಜ್ಜಿನೂ ಹೊಲಿದವಳೇ. ಒಬ್ಬನ ಕಣ್ಣಿಗೋಸ್ಕರ ಅದನ್ನ ಬಿಚ್ಚಿಡು ಅಂತೀಯಲ್ಲ, ನಿಂಗೆ ಬಾಯಾದ್ರೂ ಹೇಗೆ ಬಂತು?"

ಅವನು ಹೇಳಿದ್ದು ಸುಳ್ಳಲ್ಲವಲ್ಲ.

ಪೆನ್‌ಹೇಲ್‌ನವರನ್ನು ಕೇಳಿದರೆ "ನಿಮ್ಮ ಹುಡುಗ ಹೀಗೇ ಆಡ್ಲಿ ಬಿಡಮ್ಮ, ನಮಗೇನೂ ತೊಂದರೆಯಿಲ್ಲ" ಎಂದು ನಕ್ಕರು. ಕೊನೆಗೆ ನಾನೇ ಹದಿನೈದೂ ಜೆರ್ಸಿಗಳ ತೋಳಿಗೆ ಬಿಳಿ ಪಟ್ಟಿ ಹೊಲಿದೆ. ಅಭ್ಯಾಸದಲ್ಲಿ ಹತ್ತು ನಿಮಿಷ ಚೆನ್ನಾಗಿ ಕಂಡಿತು. ಆಮೇಲೆ ಎಲ್ಲರೂ ಒಂದೇ ಕೆಸರು.

ಊರಿನಲ್ಲಿ ಅರ್ಧ ಜನ ನಂಬಿದ್ದಾರೆ. ಇನ್ನರ್ಧ ಜನ ಅಂಗಡಿಗೆ ಬಂದು ಕಾಲುಚೀಲ, ಸೇಬು, ಟೋಪಿ ಎತ್ತಿ ಹಿಡಿದು "ಗೆಥ್, ಇದ್ಯಾವ ಬಣ್ಣ ಹೇಳು?" ಎನ್ನುತ್ತಾರೆ. ಅವನು ತಪ್ಪು ಹೇಳಿದರೆ ನಾಟಕ, ಸರಿ ಹೇಳಿದರೆ ಸಿಕ್ಕಿಬಿದ್ದ ಎಂದು ಚಪ್ಪಾಳೆ. ನಿನ್ನೆ ಒಬ್ಬಳು ಎಳೆ ಮಗುವಿನ ಟೊಪ್ಪಿಗೆ ತೆಗೆದು ಹಿಡಿದಳು.

ಕ್ರಿಸ್‌ಮಸ್ ಮರುದಿನ ಅದೇ ಪೆನ್‌ಹೇಲ್‌ನವರು ನಮ್ಮೂರಿಗೆ ಬರುತ್ತಾರೆ, ಇಡೀ ಊರು ಸೇರುತ್ತದೆ. ಅವತ್ತು ಇನ್ನೊಮ್ಮೆ ಹೀಗಾದರೆ ಅವನು ಈ ಊರಿನಲ್ಲಿ ಇರಲಾರ. ಒಬ್ಬರು ಹೋದ ಮನೆ ಇದು. ಇನ್ನೊಬ್ಬರನ್ನು ಕಳಿಸಲು ನನ್ನಿಂದ ಆಗುವುದಿಲ್ಲ ಅಪ್ಪಾ.

ಎಲಿನೆಡ್


ಬಾರ್ಮತ್
11 ನವೆಂಬರ್ 1987

ಮೈರಿಯನ್,

ಇಪ್ಪತ್ತಾರು ವರ್ಷದ ಹಿಂದಿನ ಕಾಗದಕ್ಕೆ ಉತ್ತರ ಬೇಡ. ನನ್ನ ಹೆಸರು ಕೆಂಪೋ ಹಸಿರೋ ಹೇಗಾದರೂ ಇರಲಿ, ನನಗೆ ಎರಡೂ ಒಂದೇ ಎಂದು ಈಗ ಎಲ್ಲರಿಗೂ ಗೊತ್ತಲ್ಲ.

ನನ್ನ ಮಗಳು ನಿನ್ನ ಸಮಿತಿಯ ಮುಂದೆ ಕೈ ಮುಗಿದು ನಿಂತಳಂತೆ, ನೀನು ನೆಲ ನೋಡುತ್ತಿದ್ದೆಯಂತೆ. ಒಮ್ಮೆ ನಾನು ನಿನ್ನ ಕೂಗಿಗೆ ಕಾದೆ, ಕೂಗಲಿಲ್ಲ. ಮಂಡಿ ನೋವಿತ್ತು, ಬಿಡು. ಈ ಸಲ ಯಾವ ನೋವಿದೆ ನಿನಗೆ?

ಇಡ್ವಲ್ ಪ್ರಾಸರ್


ನಾಂಟ್ವೆನ್
25 ನವೆಂಬರ್ 1987

ಇಡ್,

ಈ ಹೆಸರು ಬರೆಯಲು ಎರಡು ವಾರ ಹಿಡಿಯಿತು.

ನಿನ್ನ ಆ ಹಳೆಯ ಕಾಗದ ಆಗಲೇ ಬಂದಿತ್ತು. ಅಡುಗೆಮನೆಯಲ್ಲಿ ನಿಂತೇ ಓದಿದೆ. ಓದಿದ ತಕ್ಷಣ ನಿಜವೆಂದು ಗೊತ್ತಾಯಿತು, ನಿನ್ನ ಎಡಗಡೆ ಏಳು ವರ್ಷ ಓಡಿದವನು ನಾನು. ಆದರೆ ಕ್ಲಬ್ಬಿನ ಗೋಡೆಯ ಹಲಗೆಯಿಂದ ನಿನ್ನ ಹೆಸರನ್ನು ಕೆರೆದು ತೆಗೆದವನೂ ನಾನೇ. ನಿಮ್ಮ ಮನೆ ಕಿಟಕಿಗೆ ಮೊದಲ ಕಲ್ಲು ಯಾರು ಎಸೆದರು ಎಂದು ನೀನು ಕೇಳಲೇ ಇಲ್ಲ. ಆ ಕಾಗದ ಓದಿದರೆ ಅದನ್ನೂ ಹೇಳಬೇಕಿತ್ತು. ನಾಳೆ ಓದುತ್ತೇನೆ ಎಂದು ಮಡಿಸಿಟ್ಟೆ. ಆ ನಾಳೆ ಇಷ್ಟು ದೂರ ಹೋಯಿತು. ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ನಿನ್ನ ಈಗಿನ ಕಾಗದ ಸಿಕ್ಕ ಗುರುವಾರವೇ ಹಳೆಯದನ್ನು ಕ್ಲಬ್ಬಿನಲ್ಲಿ ಎಲ್ಲರ ಮುಂದೆ ಓದಿದೆ, ಕಲ್ಲಿನ ಮಾತೂ ಸೇರಿಸಿ. ಯಾರೂ ಗ್ಲಾಸು ಎತ್ತಲಿಲ್ಲ. ಬೇಕರಿ ಡಾಯ್ ಹೊರಗೆ ಹೋಗಿ ಬಹಳ ಹೊತ್ತಿನ ಮೇಲೆ ಬಂದು "ಜೆರ್ಸಿ ಬದಲಾಯಿಸಕ್ಕಾಗಲ್ಲ ಕಣೋ ಮೈರಿಯನ್. ಬೇರೆ ಏನಾದ್ರೂ ಹೇಳು, ಮಾಡ್ತೀನಿ" ಎಂದ. ಕಣ್ಣು ಕೆಂಪಾಗಿತ್ತು. ನಿನಗೆ ಅದೂ ಕಾಣುತ್ತಿರಲಿಲ್ಲ, ಬಿಡು.

ಬೇರೆ ಏನಾದರೂ ಎಂದರೆ ಇರುವುದು ಒಂದೇ, ನೀನೂ ನಾನೂ ಮಾಡುತ್ತಿದ್ದುದು. ಮಂಗಳವಾರ, ಗುರುವಾರ ಮೈದಾನದಲ್ಲಿ ಗೆಥಿನ್‌ನ ಕಣ್ಣಿಗೆ ಬಟ್ಟೆ ಕಟ್ಟಿ ನಿಲ್ಲಿಸುತ್ತೇನೆ. ಹದಿನಾಲ್ಕು ಜನ ಸುತ್ತ ಓಡುತ್ತ ಕೂಗುತ್ತಾರೆ. ಯಾರ ದನಿ, ಎಷ್ಟು ದೂರ, ಯಾವ ಕಡೆ, ಎಲ್ಲ ಹೇಳುತ್ತಾನೆ. ಮೊದಲ ವಾರ ಚೆಂಡು ನನ್ನ ಮೂಗಿಗೆ ಬಿತ್ತು. ಈಗ ಯಾರಿಗೆ ನೆಗಡಿಯಾಗಿದೆ ಎಂದೂ ಹೇಳುತ್ತಾನೆ.

ತೊಡಕು ಬೇರೆಯದು. ನಮ್ಮ ಕಾಲದ ಹಾಗಲ್ಲ, ಈಗ ಪೆನ್‌ಹೇಲ್ ಪಂದ್ಯದಲ್ಲಿ ನಮ್ಮೂರು ಮೊದಲ ಸೀಟಿಯಿಂದ ಕೊನೆಯ ಸೀಟಿಯವರೆಗೆ ಹಾಡುತ್ತದೆ. ಆರುನೂರು ಜನ ನಾಲ್ಕು ಶ್ರುತಿಯಲ್ಲಿ ಹಾಡುವಾಗ ಪಕ್ಕದವನ ಕೂಗು ಯಾರಿಗೆ ಕೇಳಬೇಕು? ಅದಕ್ಕೇ ಊರನ್ನು ಕೇಳಿಕೊಂಡೆ: ಈ ಒಂದು ದಿನ ಬಾಯಿ ಮುಚ್ಚಿಕೊಂಡು ನೋಡೋಣ. ಊಟ ಬಿಡಿ ಎಂದಿದ್ದರೆ ಬೇಗ ಒಪ್ಪುತ್ತಿದ್ದರು. ಗಾಯನ ತಂಡದ ಮೇಷ್ಟ್ರು "ಎಂಬತ್ತು ನಿಮಿಷ? ನನ್ನ ಹೆಂಡತಿಯ ಮಣ್ಣಿಗೆ ಹೋದಾಗ್ಲೂ ಅಷ್ಟೊತ್ತು ಸುಮ್ನಿರ್ಲಿಲ್ಲಪ್ಪ" ಎಂದ. ಆದರೂ ಒಪ್ಪಿದರು. ಪಾದ್ರಿಗಳು ಎರಡು ಭಾನುವಾರ ಚಾಪೆಲ್‌ನಲ್ಲೇ ಹೇಳಿದರು.

ನೀನು ಬಾ. ನನ್ನ ಪಕ್ಕ ನಿಲ್ಲು. ಯಾರು ಯಾರೆಂದು ನಾನು ಹೇಳುತ್ತೇನೆ.

ಮೈರಿಯನ್


ಬಾರ್ಮತ್
16 ಡಿಸೆಂಬರ್ 1987

ಎಲಿನೆಡ್,

ಪಂದ್ಯಕ್ಕೆ ಬಾ ಎಂದು ಮೈರಿಯನ್ ಕರೆದಿದ್ದಾನೆ, ನಾಂಟ್ವೆನ್‌ಗೆ ಟಿಕೆಟ್ ತಂದು ಎರಡು ದಿನ ಮೇಜಿನ ಮೇಲಿಟ್ಟೆ. ಬರುವುದಿಲ್ಲ. ನಾನು ಬಂದರೆ ಊರೆಲ್ಲ ಅವನನ್ನು ಬಿಟ್ಟು ನನ್ನನ್ನು ನೋಡುತ್ತದೆ, ಅವನಿಗೂ ಅದು ತಿಳಿಯುತ್ತದೆ. ಇದು ಅರ್ಧ ನಿಜ. ಇನ್ನರ್ಧ, ನನಗೆ ಹೆದರಿಕೆ.

ಟಿ.ವಿ.ಗೆ ಬಣ್ಣ ಬಂದ ಮೇಲೆ ನಾನು ಪಂದ್ಯ ನೋಡುವುದನ್ನೇ ಬಿಟ್ಟಿದ್ದೆ. ಕಪ್ಪು ಬಿಳುಪಿನಲ್ಲಿ ನಾನೂ ನೀವೂ ಸಮ ಇದ್ದೆವು. ಈಗ ಮನೆಯೊಡತಿ ಮಿಸೆಸ್ ಪ್ಯಾರಿ ಹೆಣಿಗೆ ಹಾಕುತ್ತ ಹೇಳುತ್ತಾಳೆ: "ಕೆಂಪು ಓಡ್ತಿದೆ. ಹಸಿರು ಬಿತ್ತು. ಅಯ್ಯೋ ಪಾಪ, ಇದು ಯಾರದ್ದೋ ಕಿವಿ." ಅಷ್ಟಕ್ಕೇ ನಾನು ತೃಪ್ತ.

ಪಂದ್ಯ ಮುಗಿದ ಮೇಲೆ ಏನಾಯಿತೆಂದು ನೀನೇ ಬರೆ. ಬೇರೆಯವರ ಬಾಯಿಂದ ಕೇಳುವ ಹಾಗೆ ಮಾಡಬೇಡ.

ಅಪ್ಪ


ನಾಂಟ್ವೆನ್
29 ಡಿಸೆಂಬರ್ 1987

ಅಪ್ಪಾ,

ನಾನೇ ಬರೆಯುತ್ತಿದ್ದೇನೆ.

ಊರು ಮಾತು ಉಳಿಸಿಕೊಂಡಿತ್ತು. ಆರುನೂರು ಜನ ಮೈದಾನದ ಸುತ್ತ ನಿಂತಿದ್ದರು, ಉಸಿರಿನ ಹಬೆ ಮಾತ್ರ ಏಳುತ್ತಿತ್ತು. ಗುಡ್ಡದ ಮೇಲೆ ಕುರಿ ಕೆಮ್ಮಿದ್ದು ಕೇಳಿತು. ಮೇಷ್ಟ್ರು ಎರಡು ಕೈಯನ್ನೂ ಜೇಬಿಗೆ ತುರುಕಿಕೊಂಡಿದ್ದರು. ಬೇಕರಿ ಡಾಯ್ ಬಾಯಿ ತುಂಬ ಪೆಪ್ಪರ್‌ಮಿಂಟು ಇಟ್ಟುಕೊಂಡಿದ್ದ. ಪೆನ್‌ಹೇಲ್‌ನವನೊಬ್ಬ ಟೋಪಿ ತೆಗೆದು ನನ್ನನ್ನು ಮೆಲ್ಲಗೆ ಕೇಳಿದ, "ಯಾರಾದ್ರೂ ಹೋಗ್ಬಿಟ್ರೇನಮ್ಮ?" ಅವರ ಕಡೆಯವರು ಹಾಡಲು ಶುರು ಮಾಡಿದರು. ಎದುರು ಹಾಡುವವರೇ ಇಲ್ಲದಿದ್ದರೆ ಹಾಡಿ ಏನು ಸುಖ, ಹತ್ತು ನಿಮಿಷದಲ್ಲಿ ಅವರೂ ತಣ್ಣಗಾದರು.

ನೀನು ನೋಡಬೇಕಿತ್ತು ಅಪ್ಪಾ. ಹುಡುಗರು ಕೂಗುತ್ತಿದ್ದರು, "ಗೆಥ್, ಎಡ!" "ಗೆಥ್, ಹಿಂದೆ!" ಅವನು ತಲೆ ಕೂಡ ತಿರುಗಿಸದೆ ಕೊಡುತ್ತಿದ್ದ. ಒಂದೂ ತಪ್ಪಲಿಲ್ಲ. ಪೆನ್‌ಹೇಲ್‌ನ ಒಬ್ಬ ತರಲೆ "ಗೆಥ್, ಇಲ್ಲಿ!" ಎಂದು ಕೂಗಿದ. ಇವನು ನಕ್ಕು, ಚೆಂಡನ್ನು ಎದೆಗೆ ಒತ್ತಿಕೊಂಡು, ಅವನನ್ನೇ ದಾಟಿಕೊಂಡು ಹೋದ. ಜನ ನಗಲೂ ಹೆದರಿ ತೋಳು ಕಚ್ಚಿಕೊಂಡರು.

ಹನ್ನೆರಡು–ಒಂಬತ್ತು, ನಾವು ಮುಂದೆ. ಮೂರು ನಿಮಿಷ ಉಳಿದಿತ್ತು. ಅವನು ಮಧ್ಯದಲ್ಲಿ ಚೆಂಡು ಹಿಡಿದು ಇಬ್ಬರನ್ನು ಏಮಾರಿಸಿ, ಮೂರನೆಯವನ ಕೈಯಡಿ ನುಸುಳಿ ಹೊರಗೆ ಬಂದ. ನಿನ್ನ ಓಟ ಹಾಗಿತ್ತು ಎಂದು ಮುದುಕರು ಹೇಳುತ್ತಿದ್ದರಲ್ಲ, ನಾನು ನಂಬಿರಲಿಲ್ಲ. ಆ ಓಟ ನನ್ನ ಕಣ್ಣ ಮುಂದೆ ಓಡುತ್ತಿತ್ತು. ಮೂರು ತಿಂಗಳ ಅವಮಾನ, ಮೂವತ್ತನಾಲ್ಕು ವರ್ಷದ್ದು, ಎಲ್ಲ ಒಟ್ಟಿಗೆ ಎದೆಯಿಂದ ಎದ್ದು ಬಂತು.

ನಾನು ಹಾಡಿಬಿಟ್ಟೆ.

ಹಾಡಬೇಕೆಂದು ಹಾಡಲಿಲ್ಲ. ಬಾಯಿ ತೆರೆದದ್ದೂ ತಿಳಿಯಲಿಲ್ಲ. ಅಮ್ಮನ ಮಣ್ಣಿನ ದಿನ ಹಾಡಿದ ಕೀರ್ತನೆಯ ಮೊದಲ ಸಾಲು ಅದು. ಎರಡನೇ ಸಾಲು ನನ್ನದಾಗಿರಲಿಲ್ಲ. ಇಡೀ ಊರು ಎತ್ತಿಕೊಂಡಿತ್ತು. ಎಂಬತ್ತು ನಿಮಿಷ ತಡೆದಿಟ್ಟ ಆರುನೂರು ಗಂಟಲು. ಅಷ್ಟು ಚೆನ್ನಾಗಿ ನಮ್ಮೂರು ಎಂದೂ ಹಾಡಿಲ್ಲ. ಮೈರಿಯನ್ ಗೆರೆಯುದ್ದಕ್ಕೂ ಓಡುತ್ತ "ನಿಲ್ಸ್ರೋ, ನಿಲ್ಸ್ರೋ" ಎಂದು ಕೈ ಬೀಸುತ್ತಿದ್ದುದು ಕಂಡಿತು. ಅವನ ದನಿ ಯಾರಿಗೆ ಕೇಳಬೇಕು?

ಗೆಥಿನ್ ಒಂದು ಸಲ ನಮ್ಮ ಕಡೆ ತಲೆ ಎತ್ತಿದ. ಆಮೇಲೆ ಆ ಕಡೆ ಈ ಕಡೆ ನೋಡಿದ. ಬಲಕ್ಕೆ ನಮ್ಮ ಅಯೋಲೊ ಬಾಯಿ ಹರಿಯುವ ಹಾಗೆ ಕೂಗುತ್ತಿದ್ದ. ಎಡಕ್ಕೆ ಒಬ್ಬ ಕೆಂಪು ಜೆರ್ಸಿ. ಅವನು ಎಡಕ್ಕೆ ಕೊಟ್ಟ.

ಹದಿನೈದು–ಹನ್ನೆರಡು. ಸೋತೆವು.

ಈ ಸಲ ಯಾರೂ ಏನೂ ಅನ್ನಲಿಲ್ಲ. ಒಬ್ಬೊಬ್ಬರೇ ಹೋಗಿ ಅವನ ಭುಜ ಮುಟ್ಟಿ ಬಂದರು. ಬೇಕರಿ ಡಾಯ್ ಅವನನ್ನು ತಬ್ಬಿಕೊಂಡು "ನಮ್ಮದೇ ತಪ್ಪು ಮಗಾ, ನಮ್ಮ ಹಾಳು ಬಾಯಿದು" ಎಂದು ಅತ್ತ. ನನ್ನ ಸುತ್ತ ನಿಂತಿದ್ದವರಿಗೆಲ್ಲ ಗೊತ್ತು ಯಾರ ಬಾಯಿ ಎಂದು. ಅವರು ಯಾರೂ ಅವನಿಗೆ ಹೇಳುವುದಿಲ್ಲ. ನನ್ನನ್ನು ನೋಡುವ ಅವರ ಕಣ್ಣಿನಲ್ಲಿ ಕನಿಕರವಿದೆ, ಅದನ್ನು ತಡೆದುಕೊಳ್ಳಲು ಆಗುತ್ತಿಲ್ಲ. 'ಕೆಂಪು ಮರಿ' ಎಂದು ಈಗ ಯಾರೂ ಕರೆಯುವುದಿಲ್ಲ. ಜೆರ್ಸಿಯನ್ನು ಅವನೇ ಒಗೆದು, ಮಡಿಸಿ, ಮೈರಿಯನ್‌ನ ಬಾಗಿಲಿಗೆ ಕೊಟ್ಟು ಬಂದ. ಇನ್ನು ಆಡುವುದಿಲ್ಲವಂತೆ.

ಭಾನುವಾರ ಚಹಾಕ್ಕೆ ಕೂತಿದ್ದೆವು. ತಟ್ಟೆಯಲ್ಲಿ ಕೇಕು ಹಾಗೇ ಇತ್ತು. ಅವನು ಕೇಳಿದ, "ಅಮ್ಮಾ, ಹಾಡು ಯಾರು ಶುರು ಮಾಡಿದ್ದು?"

"ಯಾರಿಗ್ ಗೊತ್ತು ಕಣೋ" ಎಂದೆ. "ಆ ಗದ್ದಲದಲ್ಲಿ."

"ಹೌದಾ" ಎಂದ. "ಸರಿ ಬಿಡು." ನನ್ನ ಕಪ್ಪನ್ನೂ ತಾನೇ ಎತ್ತಿಕೊಂಡು ಹೋಗಿ ತೊಳೆದಿಟ್ಟ.

ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ನಿಂತು ಆರು ವಾರದಲ್ಲಿ ಹದಿನಾಲ್ಕು ಜನರ ದನಿ ಗುರುತಿಸಲು ಕಲಿತ ಹುಡುಗ ಅವನು ಅಪ್ಪಾ. ನನ್ನದನ್ನು ಅವನು ಹತ್ತೊಂಬತ್ತು ವರ್ಷದಿಂದ ಕೇಳುತ್ತಿದ್ದಾನೆ.

ನಿನ್ನ
ಎಲಿನೆಡ್